ಹಾಲೆಂಡಿನ ಒಂಟಿಗೈ ಆಕಾಶಗಿತ್ತಿ

ರಾಯಚೂರು

ನಮ್ಮ ಮನೆಗೆ ಮೊದಲ ಸಲ ಬರುವವರು ಹೊಸ್ತಿಲು ದಾಟಿದ ಕೂಡಲೇ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಪಡಸಾಲೆಯ ಗೋಡೆಯ ಮೇಲೆ ಕಬ್ಬಿಣದ ಪ್ರಾಣಿಯೊಂದು ನೇತಾಡುತ್ತಿದೆ. ಆರು ಕೈ, ಮೂರು ಕಣ್ಣು, ತಲೆಯ ಮೇಲೆ ಕುಣಿಯುವ ಎರಡು ಸ್ಪ್ರಿಂಗು. ಆರೂ ಕೈಗಳ ತುದಿ ಕೊಕ್ಕೆಯ ಹಾಗೆ ಮೇಲಕ್ಕೆ ಬಾಗಿದೆ. ಆ ಕೊಕ್ಕೆಗಳಲ್ಲಿ ನನ್ನ ಟೋಪಿ, ಛತ್ರಿ, ಸಂತೆಯ ಚೀಲ, ಅಂಗಡಿಯ ಕೀಲಿಗೊಂಚಲು. ದೇವದುರ್ಗದಿಂದ ಬಂದ ನಮ್ಮ ಸೋದರತ್ತೆ ಅದರ ಮುಂದೆ ನಿಂತು ಭಕ್ತಿಯಿಂದ ಕಣ್ಣು ಮುಚ್ಚಿ ಕೈಮುಗಿದಳು. ಕಣ್ಣು ತೆರೆದಾಗ ಸಂತೆಯ ಚೀಲ ಕಂಡಿತು.

"ದೇವರ ಕೈಯಾಗ ಸಂತಿ ಚೀಲ ತೂಗಹಾಕೀರಲ್ಲೋ ವೆಂಕೋಬ! ಕಣ್ಣು ಹೋಗ್ತಾವ ನಿಮ್ಮವು!"

ಅದು ದೇವರಲ್ಲ, ಮಂಗಳ ಗ್ರಹದವನು ಎಂದು ಹೇಳಿದೆ. ಹಾಗಾದರೆ ಮಂಗಳವಾರ ಎಣ್ಣೆ ಹಾಕಬೇಕೇನೋ ಎಂದು ಕೇಳಿದಳು. ಅವಳಿಗೆ ಒಂದು ತಾಸು ಕೂತು ಹೇಳಿದ ಕಥೆಯನ್ನೇ ಈಗ ಬರೆಯುತ್ತಿದ್ದೇನೆ. ಪ್ರತಿಯೊಬ್ಬರಿಗೂ ಬಾಯಿಂದ ಹೇಳಿ ಹೇಳಿ ನನ್ನ ಗಂಟಲು ಹೋಗಿದೆ.

ನಾನು ತೀನ್ ಕಂದೀಲ್ ಹತ್ತಿರ ರೇಡಿಯೋ ರಿಪೇರಿ ಅಂಗಡಿ ಇಟ್ಟವನು. ಎಂಬತ್ತರ ದಶಕದ ಆ ಮೊದಲ ವರ್ಷಗಳಲ್ಲಿ ರಾಯಚೂರಿನ ಮನೆಗಳಿಗೆ ಟೀವಿ ಇನ್ನೂ ಕಾಲಿಟ್ಟಿರಲಿಲ್ಲ. ಕಲ್ಮಲದಿಂದ, ಯಾಪಲದಿನ್ನಿಯಿಂದ ಜನ ಟ್ರಾನ್ಸಿಸ್ಟರನ್ನು ಎಳೆಗೂಸಿನ ಹಾಗೆ ಟವೆಲ್ಲಿನಲ್ಲಿ ಸುತ್ತಿಕೊಂಡು ಬರುತ್ತಿದ್ದರು. ಹಗಲು ಊರಿನವರ ರೇಡಿಯೋ ರಿಪೇರಿ, ಸಂಜೆ ಮನೆಯಲ್ಲಿ ನನ್ನ ರೇಡಿಯೋದಲ್ಲಿ ಶಾರ್ಟ್‌ವೇವ್ ಹುಡುಕಾಟ. ದೂರದ ದೇಶದ ಸ್ಟೇಷನ್ ಹಿಡಿದು, ನಿಮ್ಮ ದನಿ ನಮ್ಮಲ್ಲಿ ಹೀಗೆ ಕೇಳಿತು ಎಂದು ಬರೆದು ಹಾಕಿದರೆ ಅವರು ಬಣ್ಣದ ಕಾರ್ಡು ಕಳಿಸುತ್ತಿದ್ದರು. ಪದ್ಮಾ, ಅಂದರೆ ನನ್ನ ಹೆಂಡತಿ, ಆ ಕಾರ್ಡುಗಳನ್ನು ಶೋಕೇಸಿನಲ್ಲಿ ಪ್ಲಾಸ್ಟರಿನ ತಾಜಮಹಲು ಮತ್ತು ಗಾಜಿನ ಹಂಸದ ನಡುವೆ ನಿಲ್ಲಿಸಿದ್ದಳು.

ಹಾಲೆಂಡಿನ ಒಂದು ಸ್ಟೇಷನ್ನು ಸ್ಪರ್ಧೆ ಇಟ್ಟಿತು. ನಮ್ಮನ್ನು ಯಾಕೆ ಕೇಳುತ್ತೀರಿ ಎಂಬುದು ಪ್ರಶ್ನೆ. ಉಳಿದವರು ವಿಶ್ವಶಾಂತಿ, ಮಾನವ ಬಂಧುತ್ವ ಎಂದೆಲ್ಲ ಬರೆದಿರಬೇಕು. ನಾನು ಇದ್ದದ್ದು ಇದ್ದ ಹಾಗೆ ಬರೆದೆ. ರಿಪೇರಿಯಾದ ರೇಡಿಯೋದಲ್ಲಿ ನಿಮ್ಮ ಸ್ಟೇಷನ್ ಹತ್ತಿದರೆ ಗಿರಾಕಿಯ ಎದುರು ನಾನು ಎದೆಯುಬ್ಬಿಸಿ ನಿಲ್ಲಬಹುದು, ಅದಕ್ಕೇ ಕೇಳುತ್ತೇನೆ ಎಂದೆ. ಆ ಜನಕ್ಕೆ ನಗು ಬಂದಿರಬೇಕು. ಗಂಡಹೆಂಡಿರಿಬ್ಬರೂ ಬಂದು ಒಂದು ವಾರ ಇದ್ದು ಹೋಗಿ, ಖರ್ಚೆಲ್ಲ ನಮ್ಮದು ಎಂದು ಬಹುಮಾನ ಕೊಟ್ಟರು.

ಬೊಂಬಾಯಿಯ ಆಚೆ

ವಿಮಾನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದರಲ್ಲಿ ಕೂತವರೆಲ್ಲ ಅದರ ಬಗ್ಗೆ ಬರೆದಿದ್ದಾರೆ. ಪದ್ಮಾ ಸೊಂಟದ ಪಟ್ಟಿ ಕಟ್ಟಿಕೊಂಡದ್ದು ಬೊಂಬಾಯಿಯಲ್ಲಿ, ಬಿಚ್ಚಿದ್ದು ಹಾಲೆಂಡಿನಲ್ಲಿ. ಬಿಚ್ಚಬಹುದು ಎಂದು ಗಗನಸಖಿ ಬಂದು ಹೇಳಿದರೂ ಕೇಳಲಿಲ್ಲ.

"ಅಕಿಗೇನ್ರೀ, ದಿನಾ ಹಾರಾಕಿ. ಬಿದ್ದ್ರ ನಾ ಬೀಳಾಕಿ."

ಇಳಿದ ಮೇಲೆ ಅಧಿಕಾರಿಯೊಬ್ಬ ನಮ್ಮ ಚೀಲ ಬಿಚ್ಚಿಸಿದ. ಜೋಳದ ರೊಟ್ಟಿಯ ಕಟ್ಟನ್ನು ಬೆಳಕಿಗೆ ಹಿಡಿದು ನೋಡಿದ, ಬಾರಿಸಿ ನೋಡಿದ. ಖಡಕ್ ರೊಟ್ಟಿ, ಸಪ್ಪಳ ಬಂತು. ಆಮೇಲೆ ಶೇಂಗಾ ಚಟ್ನಿಪುಡಿಯ ಡಬ್ಬಿ ತೆಗೆದು ಬೇಡ ಬೇಡ ಎನ್ನುವಷ್ಟರಲ್ಲಿ ಮೂಗು ಇಟ್ಟು ಜೋರಾಗಿ ಎಳೆದ. ಅವನು ಸೀನತೊಡಗಿದ ರೀತಿಗೆ ಪಕ್ಕದ ಸಾಲಿನ ಅಧಿಕಾರಿಗಳು ಕೆಲಸ ಬಿಟ್ಟು ಬಂದರು. ಮಕ್ಕಳು ಸೀನಿದಾಗ ಹೇಳುವಂತೆ ಪದ್ಮಾ "ಚಿರಂಜೀವಿ, ಚಿರಂಜೀವಿ" ಎಂದು ಹರಸಿದಳು. ನಮ್ಮನ್ನು ಬೇಗ ಹೊರಗೆ ಕಳಿಸಿದರು.

ಹೊರಗೆ ನನ್ನ ಹೆಸರಿನ ಹಲಗೆ ಹಿಡಿದು ಉದ್ದನೆಯ ಮನುಷ್ಯರೊಬ್ಬರು ನಿಂತಿದ್ದರು. ಅರವತ್ತು ದಾಟಿದವರು, ಬಿಳಿ ಗಡ್ಡ, ಒಂದು ಮೊಣಕಾಲು ಸ್ವಲ್ಪ ಎಳೆಯುವ ನಡಿಗೆ. ಹೆಸರು ಹೆಂಡ್ರಿಕ್. ಅದೇ ಸ್ಟೇಷನ್ನಿನ ಯಂತ್ರಗಳನ್ನು ನೋಡಿಕೊಂಡು ನಿವೃತ್ತರಾದವರು. ನಾವು ಉಳಿಯುವುದು ಅವರ ಮನೆಯಲ್ಲೇ ಎಂದು ಸ್ಟೇಷನ್ನಿನವರು ಗೊತ್ತುಮಾಡಿದ್ದರು.

ಪರದೆ ಇಲ್ಲದ ಊರು

ಅದು ಕಾಲುವೆಯ ದಂಡೆಗೆ ಕಟ್ಟಿದ ಸಣ್ಣ ಊರು. ಪದ್ಮಾ ಮಾನ್ವಿಯವಳು, ಕಾಲುವೆ ಎಂದರೆ ಅವಳಿಗೆ ತವರುಮನೆ. ಆದರೆ ಈ ಕಾಲುವೆಯನ್ನು ಕಂಡು ಅವಳಿಗೆ ಸಮಾಧಾನವಾಗಲಿಲ್ಲ. ಎಮ್ಮೆ ಇಲ್ಲ, ಬಟ್ಟೆ ಒಗೆಯುವವರಿಲ್ಲ, ನೀರು ಯಾವಾಗ ಬಿಡುತ್ತಾರೆ ಎಂದು ಜಗಳವಾಡುವವರಿಲ್ಲ. ಇಷ್ಟು ನೀರನ್ನು ಬಾತುಕೋಳಿಗೆ ಬಿಟ್ಟುಕೊಟ್ಟು ಕೂತಿದ್ದಾರಲ್ಲ ಎಂದು ಆಶ್ಚರ್ಯಪಟ್ಟಳು.

ಆ ಊರಿನಲ್ಲಿ ಯಾವ ಮನೆಯ ಕಿಟಕಿಗೂ ಪರದೆ ಎಳೆಯುವುದಿಲ್ಲ. ಬೀದಿಯಲ್ಲಿ ಹೋಗುವವರಿಗೆ ಒಳಗೆ ಯಾರು ಕೂತಿದ್ದಾರೆ, ಏನು ಉಣ್ಣುತ್ತಿದ್ದಾರೆ ಎಲ್ಲ ಕಾಣಿಸುತ್ತದೆ. ಆದರೆ ಯಾರೂ ನೋಡುವುದಿಲ್ಲ. ನಮ್ಮಲ್ಲಿ ಎಲ್ಲ ಕಿಟಕಿಗೂ ಪರದೆ ಇರುತ್ತದೆ, ಎಲ್ಲರೂ ಸರಿಸಿ ನೋಡುತ್ತಾರೆ. ನಾವು ಚೆಂದದ ವಸ್ತುವನ್ನು ಶೋಕೇಸಿಗೆ ಹಾಕಿ ಬೀಗ ಜಡಿಯುತ್ತೇವೆ, ಅವರು ಕಿಟಕಿಯಲ್ಲಿ ಬೀದಿಗೆ ಮುಖಮಾಡಿ ಇಡುತ್ತಾರೆ. ಒಬ್ಬರದು ಹೂಜಿ, ಒಬ್ಬರದು ಪಿಂಗಾಣಿ ಬೆಕ್ಕು. ಹೆಂಡ್ರಿಕ್ ಅವರ ಕಿಟಕಿಯಲ್ಲಿ ಮಾತ್ರ ಯಂತ್ರಮಾನವನೊಬ್ಬ ಹೊಟ್ಟೆಯೊಳಗೆ ದೀಪ ಉರಿಸಿಕೊಂಡು ಕೂತಿದ್ದ.

ಒಳಗೆ ಹೋದರೆ ಬೇರೆ ಲೋಕ. ಪಿಯಾನೋದ ಮೇಲೆ ರಾಕೆಟ್ಟು. ರಾಕೆಟ್ಟಿನ ಬಾಗಿಲು ತೆರೆದರೆ ಗಡಿಯಾರ. ಪುಸ್ತಕಗಳನ್ನು ಎರಡೂ ಕಡೆಯಿಂದ ನೂಕಿ ನಿಲ್ಲಿಸಿದ್ದ ಇಬ್ಬರು ಚಂದ್ರಯಾತ್ರಿಗಳು. ಮೇಜಿನ ಮೇಲೆ ಚಾಕು ಚಮಚ ಹೊತ್ತು ನಿಂತ ಎಂಟು ಕಾಲಿನ ಬಸವನಹುಳು. ಹೊಲಿಗೆ ಯಂತ್ರದ ಚಕ್ರ, ಬಿಸ್ಕೀಟಿನ ಡಬ್ಬಿ, ರೇಡಿಯೋ ವಾಲ್ವು, ಏನೇನೋ ಸೇರಿಸಿ ಬೆಸೆದ ಗೊಂಬೆಗಳು. ಮುಂದಿನ ಕಾಲದ ಕಥೆಗಳಲ್ಲಿ ಬರುವ ಜನರೆಲ್ಲ ಬೇಸಿಗೆ ರಜೆಗೆ ಇವರ ಮನೆಗೆ ಬಂದು ಒಂದೊಂದು ಮೂಲೆ ಹಿಡಿದು ಕೂತಂತಿತ್ತು. ಬಾಗಿಲ ಪಕ್ಕದ ಗೋಡೆಯ ಮೇಲೆ ಈ ಆರು ಕೈಯವನು ಕೋಟು ಹಿಡಿಯಲು ನಿಂತಿದ್ದ. ಪದ್ಮಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಆರು ಕೈ ಅದಾವ, ಒಂದರಾಗೂ ಆಯುಧ ಇಲ್ಲಲ್ರೀ."

ಇವೆಲ್ಲ ತಮ್ಮ ಹೆಂಡತಿ ಟೀನೆ ಮಾಡಿದ್ದು, ದೂರದೂರದಿಂದ ಸಂಗ್ರಹಕಾರರು ಬಂದು ಕೊಳ್ಳುತ್ತಿದ್ದರು, ಮನೆಗೆ ಒಪ್ಪುವುದನ್ನು ಅವಳು ಯಾರಿಗೂ ಕೊಡುತ್ತಿರಲಿಲ್ಲ ಎಂದು ಹೆಂಡ್ರಿಕ್ ಹೇಳಿದರು. ಅವರು ಎಲ್ಲಿ ಎಂದು ಕೇಳಿದೆ. 'ಷಿ ಲೆಫ್ಟ್ ಅಸ್' ಎಂದರು. ಬಿಟ್ಟುಹೋಗಿ ಮೂರು ವರ್ಷವಾಯಿತು ಎಂದರು.

ನನ್ನ ಇಂಗ್ಲಿಷು ರೇಡಿಯೋದಲ್ಲಿ ಕಲಿತದ್ದು. ಸುದ್ದಿಯಲ್ಲಿ ಮಂತ್ರಿಗಳು ಲೆಫ್ಟ್ ಆಗುತ್ತಾರೆ, ಹಡಗು ಲೆಫ್ಟ್ ಆಗುತ್ತದೆ, ಶಾಸಕರು ಒಂದು ಪಕ್ಷ ಲೆಫ್ಟ್ ಆಗಿ ಬೇರೆ ಪಕ್ಷ ಸೇರುತ್ತಾರೆ. ಪದ್ಮಾಳಿಗೆ ಮೆತ್ತಗೆ ಕನ್ನಡ ಮಾಡಿ ಹೇಳಿದೆ.

"ಹೆಂಡ್ತಿ ಬಿಟ್ಟು ಹೋಗ್ಯಾಳಂತ. ಅದರ ಸುದ್ದಿ ತೆಗಿಬ್ಯಾಡ."

"ಅಯ್ಯ ಪಾಪ! ಇಂಥಾ ಗುಣದ ಮನಷ್ಯಾನ್ನ ಬಿಟ್ಟು?" ಎಂದು ಪದ್ಮಾ ಆ ಕ್ಷಣದಿಂದಲೇ ಟೀನೆಯ ಮೇಲೆ ಹಲ್ಲು ಕಡಿಯತೊಡಗಿದಳು.

ಕಾಫಿ ಬಂತು. ಹೆಂಡ್ರಿಕ್ ಬಿಸ್ಕೀಟಿನ ಡಬ್ಬಿ ತೆರೆದರು. ನಾವು ಒಂದೊಂದು ತೆಗೆದುಕೊಂಡೆವು. ಅವರು ಮುಚ್ಚಳ ಹಾಕಿ ಡಬ್ಬಿಯನ್ನು ಒಳಗಿಟ್ಟರು. ಅದು ಅಲ್ಲಿಯ ಪದ್ಧತಿಯೆಂದು ಆಮೇಲೆ ಗೊತ್ತಾಯಿತು. ಪದ್ಮಾ ಎದ್ದುಹೋಗಿ ಚೀಲದಿಂದ ಶೇಂಗಾ ಉಂಡಿ ತಂದು ಅವರ ತಟ್ಟೆಗೆ ಒಂದಲ್ಲ, ಎರಡಲ್ಲ, ಅವರು ಎರಡೂ ಕೈ ಅಡ್ಡ ಹಿಡಿಯುವವರೆಗೆ ಹಾಕಿದಳು. ಅದು ನಮ್ಮ ಪದ್ಧತಿಯೆಂದು ಅವರಿಗೂ ಗೊತ್ತಾಯಿತು.

ಮಲಗುವ ಕೋಣೆ ಮೇಲೆ. ಮೆಟ್ಟಿಲು ಎಂದು ಅವರು ಕರೆಯುವುದನ್ನು ನಾವು ಏಣಿ ಎನ್ನುತ್ತೇವೆ. ನಮ್ಮ ಮಾಳಿಗೆಗೆ ಮೆಣಸಿನಕಾಯಿ ಒಣಹಾಕಲು ಹತ್ತುವ ಏಣಿಯೇ ಇದಕ್ಕಿಂತ ದಯಾಳು. ನಾನು ಟ್ರಂಕಿನ ಸಮೇತ ಜಾರಿ ಚಂದ್ರಯಾತ್ರಿಯ ಮೇಲೆ ಬಿದ್ದೆ. ಅವನಿಗೆ ಏನೂ ಆಗಲಿಲ್ಲ.

ಮೂರನೆಯ ದಿನ, ಮಳೆ

ಎರಡು ದಿನ ಸ್ಟೇಷನ್ನಿನವರು ನಮ್ಮನ್ನು ಕರೆದೊಯ್ದು ಮೆರೆಸಿದರು. ಮೈಕಿನ ಮುಂದೆ ಕೂರಿಸಿ ಮಾತಾಡಿಸಿದರು. ರಾಯಚೂರಿನಲ್ಲಿ ಈಗ ಎಷ್ಟು ಬಿಸಿಲು ಎಂದು ಕೇಳಿದರು. ಹೇಳಿದ್ದಕ್ಕೆ, ಹೇಳುವಾಗ ತಪ್ಪಾಗಿರಬೇಕೆಂದು ತಿದ್ದಿಕೊಳ್ಳಲು ಅವಕಾಶ ಕೊಟ್ಟರು. ನಾನು ತಿದ್ದಿಕೊಳ್ಳಲಿಲ್ಲ.

ಮೂರನೆಯ ದಿನ ಮಳೆ. ಮನೆಯಲ್ಲೇ ಉಳಿದೆವು. ಪದ್ಮಾ ಮನೆಯನ್ನು ಸರಿಯಾಗಿ ನೋಡಲು ಶುರುಮಾಡಿದ್ದು ಅವತ್ತೇ. ಪಡಸಾಲೆಯ ಪೂರ್ವದ ಮೂಲೆಯಲ್ಲಿ ಒಂದು ಮಣೆಯ ಮೇಲೆ ಒಂದು ಗೊಂಬೆ ಬೇರೆಯಾಗಿ ನಿಂತಿತ್ತು. ಮೊಳದುದ್ದದ ಹೆಂಗಸು, ಬಾಹ್ಯಾಕಾಶದ ದಪ್ಪ ಅಂಗಿ, ಹಿಂದಕ್ಕೆ ಸರಿಸಿದ ಶಿರಸ್ತ್ರಾಣ, ತಂತಿಯಲ್ಲಿ ನೆಯ್ದ ಗುಂಗುರು ಕೂದಲು. ಮುಖದಲ್ಲಿ ಇನ್ನೇನು ನಕ್ಕುಬಿಡುತ್ತಾಳೆ ಎನ್ನುವ ಭಾವ. ಪದ್ಮಾ ಅವಳಿಗೆ ಆಕಾಶಗಿತ್ತಿ ಎಂದು ಹೆಸರಿಟ್ಟಿದ್ದಳು. ಆ ಆಕಾಶಗಿತ್ತಿಗೆ ಬಲಗೈ ಮೊಣಕೈವರೆಗೆ ಮಾತ್ರ ಇತ್ತು. ಅಲ್ಲಿಂದ ಮುಂದೆ ತಗಡಿನ ಹರಕು ಅಂಚು. ಸಂಜೆಯಾದರೆ ಹೆಂಡ್ರಿಕ್ ಅವಳ ಮುಂದೆ ಒಂದು ಪುಟ್ಟ ಮೇಣದ ದೀಪ ಹಚ್ಚಿ, ಸ್ವಲ್ಪ ಹೊತ್ತು ನಿಂತು, ಮೊಣಕಾಲು ತಿಕ್ಕಿಕೊಂಡು ಬಂದು ಕೂರುತ್ತಿದ್ದರು.

ಇಲ್ಲಿ ಪದ್ಮಾಳ ವಿಷಯ ಒಂದು ಹೇಳಬೇಕು. ಅವಳ ತಂದೆ ಮಾನ್ವಿಯಲ್ಲಿ ಗುಡಿಯ ಪೂಜೆ ಮಾಡುವವರು. ಅವಳು ಆಡಿ ಬೆಳೆದದ್ದು ಗರ್ಭಗುಡಿಯ ಬಾಗಿಲಲ್ಲಿ. ಮೂರ್ತಿಗಳ ವಿಷಯದಲ್ಲಿ ಏನು ನಡೆಯುತ್ತದೆ, ಏನು ನಡೆಯುವುದಿಲ್ಲ ಎಂಬುದರಲ್ಲಿ ಅವಳ ಮುಂದೆ ನನ್ನ ಆಟ ಏನೂ ನಡೆಯುವುದಿಲ್ಲ.

"ಅಲ್ರೀ, ಇದು ಭಿನ್ನ ಆಗೇದ," ಎಂದಳು ಅಂದು ಮಧ್ಯಾಹ್ನ. ಮುಕ್ಕಾದ, ಒಡೆದ ಮೂರ್ತಿಗೆ ಭಿನ್ನ ಎನ್ನುತ್ತಾರೆ. "ಭಿನ್ನ ಆದದ್ದು ಮನ್ಯಾಗ ಇಟಗೋಬಾರದು. ಅದರ ಮುಂದ ದೀಪಾ ಬ್ಯಾರೆ ಹಚ್ಚಾಕತ್ತಾರ. ಅದಕ್ಕ ನೋಡ್ರಿ, ಹೆಂಡ್ತಿ ಬಿಟ್ಟು ಹೋದ್ಲು, ಮೊಣಕಾಲು ಹೋತು, ಮಾರಿ ಮ್ಯಾಲ ನಗಿ ಇಲ್ಲ."

"ಪದ್ಮಾ, ಅದು ಮೂರ್ತಿ ಅಲ್ಲ. ಶೋಪೀಸು."

"ಮುಂದ ದೀಪಾ ಹಚ್ಚಿದ ಮ್ಯಾಲ ಅದೆಂಥಾ ಶೋಪೀಸ್ರೀ?"

ಪರದೇಶದಲ್ಲಿ ಇದ್ದೇವೆ, ಅವರ ಮನೆ ಅವರ ಇಷ್ಟ, ಸುಮ್ಮನಿರು ಎಂದೆ. ಸುಮ್ಮನಾದಳು. ಪದ್ಮಾ ಸುಮ್ಮನಾದರೆ ಹೆದರಬೇಕು ಎಂಬುದು ನನಗೆ ಮದುವೆಯಾದ ವರ್ಷವೇ ತಿಳಿದಿತ್ತು. ಆದರೆ ಮಳೆ, ಕಾಫಿ, ಹೆಂಡ್ರಿಕ್ ಅವರ ಹಳೆಯ ರೇಡಿಯೋಗಳು, ಇವುಗಳ ನಡುವೆ ಮರೆತುಬಿಟ್ಟೆ.

ಬ್ರೆಡ್ಡು ತರಲು ಹೋದಾಗ

ಮರುದಿನ ಬೆಳಿಗ್ಗೆ ಬಿಸಿಲು ಬಂದಿತ್ತು. ನಾನು ಹೆಂಡ್ರಿಕ್ ಜೊತೆ ಬ್ರೆಡ್ಡು ತರಲು ಹೋದೆ. ತಲೆನೋವು ಎಂದು ಪದ್ಮಾ ಮನೆಯಲ್ಲೇ ಉಳಿದಳು. ನಾವು ತಿರುಗಿ ಬಂದಾಗ ಅವಳು ಸ್ನಾನ ಮುಗಿಸಿ, ಮಡಿಯುಟ್ಟು, ಬಹಳ ಹಗುರವಾದ ಮುಖದಿಂದ ತಟ್ಟೆ ಜೋಡಿಸುತ್ತಿದ್ದಳು. ಅಲ್ಲಿಯವರು ಬೆಳಿಗ್ಗೆ ಬ್ರೆಡ್ಡಿಗೆ ಬೆಣ್ಣೆ ಸವರಿ ಮೇಲೆ ಚಾಕಲೇಟಿನ ಕಾಳು ಉದುರಿಸಿಕೊಂಡು ತಿನ್ನುತ್ತಾರೆ, ಮುದುಕರೂ ಸಹ. ಹೆಂಡ್ರಿಕ್ ಕಾಳು ಉದುರಿಸುತ್ತಾ ತಲೆಯೆತ್ತಿ ಮೂಲೆಯ ಕಡೆ ನೋಡಿದರು.

ಮಣೆ ಖಾಲಿ.

ಅವರು ಎದ್ದ ರಭಸಕ್ಕೆ ಕುರ್ಚಿ ಬಿತ್ತು. ಮೇಜಿನ ಕೆಳಗೆ, ಪಿಯಾನೋದ ಹಿಂದೆ, ಕಪಾಟಿನೊಳಗೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಮಾತಾಡಿದರು. ಟೀನೆಯ ಕೈಯಿಂದ ಆದ ಕೊನೆಯ ಗೊಂಬೆ ಅದು. ಒಂದು ಕೈ ಮಾಡುವುದು ಬಾಕಿ ಇತ್ತು. ಆಗಲೇ ಕಾಯಿಲೆ ಬಿದ್ದಳು. ಆ ಕೈ ಹೇಗಿರಬೇಕು ಎಂಬುದು ಅವಳ ತಲೆಯೊಳಗೇ ಉಳಿದುಹೋಯಿತು, ಆಸ್ಪತ್ರೆಯಿಂದ ಅವಳು ಮನೆಗೆ ಬರಲೇ ಇಲ್ಲ. "ಉಳಿದ ಎಲ್ಲವನ್ನೂ ಬೇಕಾದರೆ ಮಾರಬಲ್ಲೆ. ಇದೊಂದೇ ನನಗೆ ಅವಳು," ಎಂದರು.

ಲೆಫ್ಟ್ ಎಂದರೆ ಏನೆಂದು ನನಗೆ ಆಗ ಅರ್ಥವಾಯಿತು. ಪದ್ಮಾಳ ಕಡೆ ನೋಡಿದೆ.

"ಎಲ್ಲದ ಪದ್ಮಾ?"

"ನೀರಾಗ ಬಿಟ್ಟೀನಿ," ಎಂದಳು ನೆಟ್ಟಗೆ ನಿಂತು. "ಹಿಂದಿನ ಸೇತುವಿ ಹತ್ರ. ಕುಂಕುಮ ಹಚ್ಚಿ, ರೀತಿ ಪ್ರಕಾರ ಬಿಟ್ಟೀನಿ. ಯಾಕ, ಇವರು ಯಾಕ ಅಳಾಕತ್ತಾರ?"

ಟೀನೆ ಬಿಟ್ಟು ಹೋದದ್ದಲ್ಲ, ತೀರಿಕೊಂಡದ್ದು ಎಂದು ಹೇಳಿದೆ. ಕೈ ಮುರಿದದ್ದಲ್ಲ, ಮಾಡುವ ಮೊದಲೇ ಹೋದಳು ಎಂದೂ ಹೇಳಿದೆ. ಪದ್ಮಾ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು.

ಈ ಕಡೆ ಹೆಂಡ್ರಿಕ್ ನನ್ನ ಮುಖವನ್ನೇ ನೋಡುತ್ತಿದ್ದರು. ವಿಸರ್ಜನೆಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ? ಯಾವ ಸ್ಟೇಷನ್ನಿನ ಸುದ್ದಿಯಲ್ಲೂ ಅದು ಬಂದದ್ದಿಲ್ಲ. ತಡಕಾಡಿ ಕೊನೆಗೆ, ನನ್ನ ಹೆಂಡತಿ ನಿಮ್ಮ ಹೆಂಡತಿಯನ್ನು ಕಾಲುವೆಯಲ್ಲಿ ಮುಳುಗಿಸಿದ್ದಾಳೆ ಎಂದುಬಿಟ್ಟೆ. ಅವರು ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿ, ಅದರ ಮೇಲೆ ಕೂತರು.

ಆಗ ಪದ್ಮಾಳ ದನಿ ಬಂತು. ಅವಳ ತಂದೆ ಗುಡಿಯಲ್ಲಿ ತೀರ್ಮಾನ ಹೇಳುವಾಗಿನ ದನಿ.

"ಹಂಗಾದ್ರ ಅದು ಭಿನ್ನ ಅಲ್ಲರೀ. ಮುಗೀಲಾರದ್ದು. ಮುಗಿಯೋತನಾ ಮೂರ್ತಿಗೆ ವಿಸರ್ಜನಾ ಅಂಬೋದ ಇಲ್ಲ. ನಾ ಬಿಟ್ಟದ್ದು ಲೆಕ್ಕಕ್ಕಿಲ್ಲ. ಹೊರಗ ತೆಗಿಬೇಕು. ಹೇಳ್ರಿ ಅವರಿಗೆ, ತೆಗಿಯೋತನಾ ನಾ ಇಲ್ಲಿಂದ ಹೋಗಂಗಿಲ್ಲ ಅಂತ."

ಹೇಳಿದೆ. ಕಾಲುವೆ ಆಳ, ತಳದಲ್ಲಿ ಕೆಸರು, ಹೇಗೆ ತೆಗೆಯುತ್ತೀರಿ ಎಂದು ಹೆಂಡ್ರಿಕ್ ಕೇಳಿದರು.

"ಪಾತಾಳಗರಡಿ ಇಲ್ಲೇನ್ರೀ ಇವರ ಮನ್ಯಾಗ?"

ಬಾವಿಗೆ ಬಿದ್ದ ಕೊಡವನ್ನು ತೆಗೆಯಲು ಹಗ್ಗ ಕಟ್ಟಿ ಇಳಿಬಿಡುವ ಕೊಕ್ಕೆಗಳ ಗೊಂಚಲು ಅದು. ನಮ್ಮಲ್ಲಿ ಓಣಿಗೊಂದಾದರೂ ಇರುತ್ತದೆ. ಬಾವಿಯೇ ಇಲ್ಲದ ಹಾಲೆಂಡಿನವರಿಗೆ ಎಲ್ಲಿಂದ ಬರಬೇಕು? ಇಲ್ಲ ಎನ್ನುವಷ್ಟರಲ್ಲಿ ಪದ್ಮಾಳ ಕಣ್ಣು ಬಾಗಿಲ ಕಡೆ ಹೋಗಿತ್ತು.

"ಅಲ್ಲೇ ನಿಂತದಲ್ರೀ ಕೋಟು ಹಿಡ್ಕೊಂಡು!"

ಕಾಲುವೆಯ ದಂಡೆ

ಮಂಗಳ ಗ್ರಹದವನನ್ನು ಗೋಡೆಯಿಂದ ಇಳಿಸಿದವರು ಹೆಂಡ್ರಿಕ್ ಅವರೇ. ಕೋಟುಗಳನ್ನು ನೆಲಕ್ಕೆ ಎಸೆದರು. ಬಟ್ಟೆ ಒಣಗಿಸುವ ಹಗ್ಗವನ್ನು ಬಿಚ್ಚಿ ಅವನ ಕೊರಳಿಗೆ ಬಿಗಿದೆ. ಮೂವರೂ ಸೇತುವೆಗೆ ಓಡಿದೆವು. ಹೆಂಡ್ರಿಕ್ ಓಡಿದ್ದು ನೋಡಿದರೆ ಅವರಿಗೆ ಮೊಣಕಾಲು ನೋವಿದೆ ಎಂದು ಯಾರೂ ನಂಬುತ್ತಿರಲಿಲ್ಲ.

ಪದ್ಮಾ ಜಾಗ ತೋರಿಸಿದಳು. ನಾನು ಮಂಗಳನನ್ನು ನೀರಿಗೆ ಬಿಟ್ಟು, ತಳ ಮುಟ್ಟಿಸಿ, ಮೆತ್ತಗೆ ಎಳೆಯುತ್ತಾ ಬಂದೆ. ಮೊದಲ ಸಲ ಸೈಕಲ್ಲಿನ ಗಾಲಿ ಬಂತು. ಎರಡನೆಯ ಸಲ ಉಳಿದ ಸೈಕಲ್ಲು ಬಂತು. ಆ ದೇಶದ ಕಾಲುವೆಗಳಲ್ಲಿ ಮೀನಿಗಿಂತ ಸೈಕಲ್ಲು ಹೆಚ್ಚು ಎಂದು ಆಮೇಲೆ ಯಾರೋ ಹೇಳಿದರು.

ಜನ ಸೇರಿದರು. ಕಿಟಕಿಯೊಳಗೆ ಇಣುಕದ ಜನ ಕಾಲುವೆಯೊಳಗೆ ಇಣುಕಲು ಹಿಂದೆಮುಂದೆ ನೋಡಲಿಲ್ಲ. ಎಡಕ್ಕೆ ಎಳೆ ಎಂದು ಒಬ್ಬ, ಬಲಕ್ಕೆ ಎಂದು ಇನ್ನೊಬ್ಬ. ಭಾಷೆ ಒಂದು ಅಕ್ಷರ ತಿಳಿಯದಿದ್ದರೂ ಎಲ್ಲ ಅರ್ಥವಾಗುತ್ತಿತ್ತು. ಮಟಮಾರಿಯಲ್ಲಿ ಬಾವಿಗೆ ಕೊಡ ಬಿದ್ದರೆ ಸುತ್ತ ನಿಂತವರು ಹೇಳುವುದೂ ಇದನ್ನೇ. ನೆರೆಮನೆಯ ಹೆಂಗಸು ಏನು ಬಿದ್ದಿತು ಎಂದು ಹೆಂಡ್ರಿಕ್ ಅವರನ್ನು ಕೇಳಿದಳು. ಅವರು "ಟೀನೆ" ಎಂದರು. ಆಕೆ ಮುಂದೆ ಏನೂ ಕೇಳದೆ ಮನೆಗೆ ಹೋಗಿ ದೋಣಿಯ ಉದ್ದನೆಯ ಗಳ ತಂದು ನೀರಿಗೆ ಇಳಿಸಿ ನಿಂತಳು.

ಎಷ್ಟು ಸಲ ಎಳೆದೆನೋ. ಅಂಗೈ ಸುಲಿದುಹೋಯಿತು. ಪ್ರತಿ ಸಲ ಹಗ್ಗ ಭಾರವಾದಾಗ ಹೆಂಡ್ರಿಕ್ ಮುಂದೆ ಬಾಗುವರು, ಬುಟ್ಟಿಯೋ ಬೋಗುಣಿಯೋ ಬಂದಾಗ ಹಿಂದೆ ಸರಿಯುವರು. ಸಿಗದಿದ್ದರೆ ಈ ಮನುಷ್ಯನ ಮುಖ ಹೇಗೆ ನೋಡುವುದು ಎಂದುಕೊಳ್ಳುತ್ತಲೇ ಮತ್ತೆ ಹಗ್ಗ ಬಿಡುತ್ತಿದ್ದೆ. ಪದ್ಮಾ ಕಲ್ಲಿನ ಮೇಲೆ ಕೂತು ತನ್ನಷ್ಟಕ್ಕೆ ತುಟಿ ಅಲ್ಲಾಡಿಸುತ್ತಿದ್ದಳು.

ಹಗ್ಗ ಮತ್ತೆ ಬಿಗಿಯಾಯಿತು. ಮೆತ್ತಗೆ ಎಳೆದೆ. ನೀರಿನಿಂದ ಮಂಗಳನ ಸ್ಪ್ರಿಂಗುಗಳು ಬಂದವು, ಮೂರು ಕಣ್ಣು ಬಂದವು. ಅವನ ನಾಲ್ಕನೆಯ ಕೈಗೆ ಕೆಂಪು ಬಟ್ಟೆಯೊಂದು ಸಿಕ್ಕಿಕೊಂಡಿತ್ತು. ಆ ಬಟ್ಟೆಯ ತುದಿಗೆ, ಶಿರಸ್ತ್ರಾಣದ ತುಂಬ ಕೆಸರು ತುಂಬಿಕೊಂಡು, ಆಕಾಶಗಿತ್ತಿ ತೂಗುತ್ತಿದ್ದಳು. ದಂಡೆಯ ಜನ ಚಪ್ಪಾಳೆ ಹೊಡೆದರು. ಹೆಂಡ್ರಿಕ್ ಅವಳನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕೋಟಿನ ತೋಳಿನಿಂದ ಮುಖ ಒರೆಸಿದರು. ಮೂರು ವರ್ಷ ದೀಪ ಹಚ್ಚಿದ್ದೆ, ಮುಟ್ಟಿರಲಿಲ್ಲ, ಮುರಿದೀತೆಂಬ ಹೆದರಿಕೆ ಎಂದು ಆಮೇಲೆ ಹೇಳಿದರು.

ಅವಳ ನಡುವಿಗೆ ಕುಪ್ಪಸದ ಕೆಂಪು ಖಣವೊಂದನ್ನು ಬಿಗಿಯಾಗಿ ಕಟ್ಟಿತ್ತು. ಇದೇನು ಎಂದು ಹೆಂಡ್ರಿಕ್ ಕೇಳಿದರು. ನಾನೂ ಪದ್ಮಾಳ ಮುಖ ನೋಡಿದೆ.

"ಇವರ ಮನಿಯವ್ರಿಗೆ ಅಂತ ರಾಯಚೂರಿನಿಂದ ತಂದ ಖಣ ಅದು," ಎಂದಳು. "ಕೊಡಾಕ ಅವರ ಇರಲಿಲ್ಲ. ಇಕಿ ಹೆಣ್ಣು. ಹೆಣ್ಣನ್ನ ಬರೇ ಉಡಿಲೆ ಹೆಂಗ್ರೀ ಕಳಸೋದು? ಖಣ ಕಟ್ಟಿ, ಅಕ್ಕಿ ಹಾಕಿ, ಉಡಿ ತುಂಬಿ ಕಳಿಸಿದೆ. ಕಾಯಿ ಸಿಗಲಿಲ್ಲ, ಸೇಬು ಇಟ್ಟೆ."

ಮಗಳು ತವರಿನಿಂದ ಹೊರಡುವಾಗ ಅವಳ ಮಡಿಲಿಗೆ ಬಟ್ಟೆ, ಅಕ್ಕಿ, ಕಾಯಿ ತುಂಬಿ ಕಳಿಸುತ್ತೇವೆ ಎಂದು ಹೆಂಡ್ರಿಕ್ ಅವರಿಗೆ ವಿವರಿಸಿದೆ. ಗಂಡ ಇರುವಾಗಲೇ ತೀರಿಕೊಂಡ ಹೆಂಗಸಿಗೂ ತುಂಬುತ್ತೇವೆ ಎಂದೆ. ಯಾರಿಗಾಗಿ ತಂದದ್ದೋ ಅವರಿಗೇ ಅದು ಸೇರಿತ್ತು.

"ಬಿಡುವಾಗ ಏನಾದರೂ ಹೇಳಿದರೇ? ಮಂತ್ರ?" ಎಂದು ಕೇಳಿದರು.

"ಮಂತ್ರ ನನಗೆಲ್ಲಿ ಬರ್ತಾವ," ಎಂದಳು ಪದ್ಮಾ. "'ಹೋಗಿ ಬಾರವ್ವಾ' ಅಂದೆ."

ಹೋಗು ಎಂದು ಮಾತ್ರ ನಾವು ಯಾರಿಗೂ ಹೇಳುವುದಿಲ್ಲ, ಹೋಗಿ ಮತ್ತೆ ಬಾ ಎನ್ನುತ್ತೇವೆ, ಸಂತೆಗೆ ಹೋಗುವವರಿಗೂ, ನೀರಿಗೆ ಬಿಡುವ ಗಣಪತಿಗೂ ಅದೇ ಮಾತು ಎಂದು ಅನುವಾದಿಸಿದೆ. ಹೆಂಡ್ರಿಕ್ ಖಣದ ಅಂಚಿನ ಕೆಸರು ಒರೆಸುತ್ತಾ ಹೇಳಿದರು. ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಹೋಗಲು ಬಿಡು, ಹೋಗು ಎಂದು ಹೇಳು ಎನ್ನುತ್ತಿದ್ದರಂತೆ. ಅವರಿಗೆ ಬಾಯಿ ಬರಲಿಲ್ಲವಂತೆ. ಅವಳು ಏನೂ ಹೇಳಿಸಿಕೊಳ್ಳದೆಯೇ ಹೋದಳಂತೆ.

ಅಂದು ಸಂಜೆ ದೀಪ ಹಚ್ಚುವ ಮೊದಲು ಪದ್ಮಾಳನ್ನು ಕರೆದು, ಹಚ್ಚಬಹುದೇ ಎಂದು ಕೇಳಿದರು.

"ಹಚ್ಚರಿ. ಆದ್ರ ಖಣ ಬಿಚ್ಚಬ್ಯಾಡ್ರಿ."

ಸ್ಟೇಷನ್

ಉಳಿದ ದಿನಗಳು ಹೇಗೆ ಕಳೆದವೋ ತಿಳಿಯಲಿಲ್ಲ. ಬಿಸ್ಕೀಟಿನ ಡಬ್ಬಿ ಈಗ ಮೇಜಿನ ಮೇಲೆ ತೆರೆದೇ ಇರುತ್ತಿತ್ತು. ಹೆಂಡ್ರಿಕ್ ರೊಟ್ಟಿಯ ಮೇಲೆ ಚಾಕಲೇಟಿನ ಕಾಳು ಉದುರಿಸಿ ತಿಂದು ನೋಡಿದರು. ಪದ್ಮಾ ಅದನ್ನು ನೋಡಲಾರದೆ ಅಡುಗೆಮನೆಗೆ ಎದ್ದುಹೋದಳು. ಹೊರಡುವ ಮುಂಜಾನೆ ಅವರು ಮಂಗಳ ಗ್ರಹದವನನ್ನು ಕಂಬಳಿಯಲ್ಲಿ ಸುತ್ತಿ ನಮ್ಮ ಟ್ರಂಕಿಗೆ ಹಾಕಿದರು. ಬೇಡವೆಂದರೂ ಕೇಳಲಿಲ್ಲ. ಅವನ ನಿಜವಾದ ಕೆಲಸ ಏನೆಂದು ನಿಮಗೇ ಗೊತ್ತು, ಇಲ್ಲಿ ಕೋಟು ಹಿಡಿದುಕೊಂಡು ಯಾಕೆ ನಿಲ್ಲಬೇಕು ಎಂದರು.

ರೈಲು ನಿಲ್ದಾಣಕ್ಕೂ ಬಂದರು. ಅಲ್ಲಿ ಬೀಳ್ಕೊಡುವಾಗ ಯಾರೂ ಅಳುವುದಿಲ್ಲ, ಕಿಟಕಿಯಿಂದ ಊಟದ ಗಂಟು ದಾಟಿಸುವುದಿಲ್ಲ, ರೈಲಿನ ಜೊತೆ ಓಡುವುದಿಲ್ಲ. ಕೈ ಒಂದು ಸಲ ಎತ್ತುತ್ತಾರೆ, ಮುಗಿಯಿತು. ಹೆಂಡ್ರಿಕ್ ಹಾಗೆ ಮಾಡಲಿಲ್ಲ. ಬೋಗಿಯ ಬಾಗಿಲ ಹತ್ತಿರ ಬಂದು, ಟೋಪಿ ತೆಗೆದು, ಎರಡು ದಿನದಿಂದ ಪದ್ಮಾಳ ಹತ್ತಿರ ಕಲಿಯುತ್ತಿದ್ದ ಕನ್ನಡವನ್ನು ಬಾಯಿಗೆ ತಂದುಕೊಂಡರು. 'ಹೋಗಿ ಬರ್ರಿ' ಎನ್ನಬೇಕಿತ್ತು. ಗಾಬರಿಗೋ ಏನೋ, ತಿರುಗುಮುರುಗಾಯಿತು.

"ಬರ್ರಿ... ಹೋಗಿ," ಎಂದರು.

ಬಾಗಿಲು ಮುಚ್ಚಿತು. ರೈಲು ಸಪ್ಪಳವೇ ಇಲ್ಲದೆ ಹೊರಟಿತು. ಪ್ಲಾಟ್‌ಫಾರ್ಮಿನ ಮೇಲೆ ಅವರ ತುಟಿ ಇನ್ನೂ ಅದನ್ನೇ ಹೇಳುತ್ತಿತ್ತು. ನನಗೆ ನಗು ತಡೆಯಲಾಗಲಿಲ್ಲ.

"ಇಷ್ಟ್ ಕಲಿಸಿದ್ರೂ ಉಲ್ಟಾ ಹೇಳಿದ್ರಲ್ಲ ಪದ್ಮಾ. ಬಂದು ಹೋಗ್ರಿ ಅಂದಂಗಾತು."

ಪದ್ಮಾ ನಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಕಿಟಕಿಯಾಚೆ ನೋಡುತ್ತಾ ಹೇಳಿದಳು:

"ಉಲ್ಟಾ ಏನಲ್ಲ ಬಿಡ್ರಿ. ಟೀನೆನೂ ಬಂದು ಹೋದಾಕಿನ. ನಾವೂ ಬಂದು ಹೋಗೋರ."